ಕಟ್ಟದ ಮನೆಯ ದರ್ಶನ

ಇನ್ನೂ ಕಟ್ಟದಿರುವ ಮನೆಯೊಳಗೆ ಅಡ್ಡಾಡಿದ ಅನುಭವ ಕೊಡುವ ‘ವರ್ಚುವಲ್ ರಿಯಾಲಿಟಿ’ ಜಾಲತಾಣಗಳು ಪುಣೆಯ ಗೃಹವ್ಯಾಪಾರಕ್ಕೂ ಬಂದಿವೆ. ಕಣ್ಣಿಗೆ ಸಾಧನವನ್ನು ಧರಿಸಿ ತಲೆ ಹೊರಳಿಸಿದತ್ತ ಪಡಸಾಲೆ, ಅಡಿಗೆಮನೆಗಳು ಮೂಡುತ್ತವೆ. ವಿದ್ಯೆಯೇನೋ ಶ್ಲಾಘ್ಯವೇ, ಆದರೆ ಅಲ್ಲಿಯ ಬೆಳಕು, ಅಳತೆಗಳೆಲ್ಲ ಚಿತ್ರ ರಚಿಸಿದವನ ಇಚ್ಛೆಗೆ ಒಳಪಟ್ಟಿವೆ. ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿದು ಕೂಡಿಟ್ಟ ಹಣವನ್ನು ಈ ನೋಟವೊಂದನ್ನೇ ನಂಬಿ ತೆರಲಾಗದು.

2016ರ ಸ್ಥಿರಾಸ್ತಿ ಕಾಯದೆಯ ಪ್ರಕಾರ ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಯಾವ ಮಾಧ್ಯಮದ್ದೇ ಆಗಲಿ, ಸುಳ್ಳು ಜಾಹೀರಾತನ್ನು ನಂಬಿ ಮುಂಗಡ ಕೊಟ್ಟು ನಷ್ಟ ಹೊಂದಿದವರಿಗೆ ಪರಿಹಾರವುಂಟು. ಆದುದರಿಂದ ‘ಮಹಾರೇರಾ’ದಲ್ಲಿ ಯೋಜನೆಯ ನೋಂದಣಿಯನ್ನೂ, ಕರಾರಿನಲ್ಲಿ ಕಾರ್ಪೆಟ್ ಏರಿಯಾವನ್ನೂ ನೋಡಿಕೊಂಡ ಮೇಲೆಯೇ ಸಹಿ ಮಾಡಬೇಕೆಂದು ನಾವು ವಾಚಕರಿಗೆ ಸೂಚಿಸುತ್ತೇವೆ. ವಾಸಿಸಬೇಕಾದುದು ಕಂಡ ಮನೆಯಲ್ಲಲ್ಲ, ಕಟ್ಟಿದ ಮನೆಯಲ್ಲಿ.