ಯಾರ ಬಳಿಗೆ ಹೋಗಬೇಕು?

ಕಳೆದ ಮಳೆಗಾಲದ ಒಂದು ಸಾಯಂಕಾಲ, ಎಲೆ ತೂಕ ಮುಗಿದ ಮೇಲೆ, ಗೂಡಲೂರು ಕಡೆಯ ತೋಟವೊಂದರ ಸಹೋದರರೊಬ್ಬರು ನಮ್ಮಲ್ಲಿಗೆ ಬಂದರು. ಕೊಡೆಯನ್ನು ಬಾಗಿಲ ಹೊರಗಿಟ್ಟು ಬಹಳ ಹೊತ್ತು ಮಾತಾಡದೆ ಕುಳಿತರು. ಆಮೇಲೆ, “ಅಣ್ಣಾ, ಮನೆಯವಳನ್ನು ಇನ್ನು ಯಾರ ಹತ್ತಿರ ಕರೆದುಕೊಂಡು ಹೋಗಲಿ, ನೀವೇ ಹೇಳಿ” ಎಂದರು.

ಸಂಗತಿ ಇಷ್ಟು. ಅವರ ಲೈನಿನಲ್ಲಿ ಹತ್ತು ಮನೆಗೆ ಒಂದೇ ನಲ್ಲಿ. ಆ ತಾಯಿ ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಕೈ ತೊಳೆಯಲು ನಿಂತರೆ ಮಸ್ಟರಿನ ಹೊತ್ತಾದರೂ ಮುಗಿಯುತ್ತಿರಲಿಲ್ಲ. ಗಿಡಕ್ಕೆ ಹೊಡೆದ ಔಷಧಿಯ ವಿಷ ಕೈಯಲ್ಲಿ ಉಳಿದಿದೆ, ಅದು ಮಕ್ಕಳ ಅನ್ನಕ್ಕೆ ಸೇರುತ್ತದೆ ಎಂಬ ಭಯ. ತೊಳೆದದ್ದು ಸಾಲದೆಂದು ಮತ್ತೆ ತೊಳೆಯುವುದು; ಎಣಿಕೆ ತಪ್ಪಿತೆಂದು ಮೊದಲಿನಿಂದ ತೊಳೆಯುವುದು. ಕೈ ಬಿರಿದು ರಕ್ತ ಬರುತ್ತಿತ್ತು. ವಾರದಲ್ಲಿ ಎರಡು ಮೂರು ದಿನದ ಹಾಜರಿ ಹೋಗುತ್ತಿತ್ತು. ನೀರಿಗಾಗಿ ನೆರೆಯವರೊಂದಿಗೆ ಜಗಳ ಬೇರೆ. “ಇದು ಅತಿಯಾಯಿತೆಂದು ನನಗೇ ಗೊತ್ತು, ಆದರೂ ಬಿಡಲಾಗುವುದಿಲ್ಲ” ಎಂದು ಆಕೆ ಅಳುತ್ತಿದ್ದರಂತೆ.

ಮಂತ್ರವಾದಿಯ ಬಳಿ ತಾಯಿತ ಕಟ್ಟಿಸಿದ್ದಾಯಿತು. ಸ್ವಸ್ಥತೆಯ ಕೂಟಗಳಿಗೆ ಹೋಗಿದ್ದಾಯಿತು. ಪೇಟೆಯಲ್ಲಿ ಬೋರ್ಡು ಹಾಕಿಕೊಂಡ ಒಬ್ಬರ ಬಳಿ ಐದು ತಿಂಗಳು ಅಲೆದು, ಕಿವಿಯ ಓಲೆಯನ್ನು ಅಡವಿಟ್ಟಾಯಿತು. ಅವರು ಪ್ರತಿ ಸಾರಿ ದೀರ್ಘವಾಗಿ ಉಸಿರೆಳೆದುಕೊಳ್ಳಿ, ಒಳ್ಳೆಯದನ್ನೇ ಯೋಚಿಸಿ ಎಂದು ಹೇಳಿ ಕಳುಹಿಸುತ್ತಿದ್ದರು. ಇದೆಲ್ಲಕ್ಕೂ ಮೊದಲು, ಎರಡು ವರ್ಷದ ಹಿಂದೆ, ಈ ದಂಪತಿಗಳು ನಮ್ಮ ಬಳಿಗೇ ಬಂದಿದ್ದರು. ಪ್ರಾರ್ಥಿಸಿರಿ, ತಾಳ್ಮೆಯಿಂದಿರಿ, ಎಲ್ಲಾ ಸರಿಹೋಗುವುದು ಎಂದು ನಾವು ಹೇಳಿ ಕಳುಹಿಸಿದ್ದೆವು. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಆದರೂ ಬರೆಯದೆ ಇರಬಾರದೆಂದು ಬರೆಯುತ್ತೇವೆ.

ಈ ಕಾಯಿಲೆಗೆ ಕನ್ನಡದಲ್ಲಿ ಗೀಳು ರೋಗ ಎನ್ನುತ್ತಾರೆ, ಡಾಕ್ಟರುಗಳು ಓ.ಸಿ.ಡಿ. ಎಂದು ಬರೆಯುತ್ತಾರೆ. ಬೇಡದ ಯೋಚನೆಯೊಂದು ಬಲವಂತವಾಗಿ ಒಳನುಗ್ಗುತ್ತದೆ. ಅದರಿಂದ ಹುಟ್ಟಿದ ಕಳವಳವನ್ನು ಇಳಿಸಲು ಒಂದು ಕ್ರಿಯೆಯನ್ನು ಮಾಡಲೇಬೇಕೆನಿಸುತ್ತದೆ. ಮಾಡಿದರೆ ಗಳಿಗೆ ಹೊತ್ತು ನೆಮ್ಮದಿ, ಆಮೇಲೆ ಮೊದಲಿಗಿಂತ ಹೆಚ್ಚು. ಎಲ್ಲರದೂ ಕೈ ತೊಳೆಯುವ ಗೀಳಲ್ಲ. ಒಲೆ ಆರಿದೆಯೇ, ಚಿಲಕ ಹಾಕಿದೆಯೇ ಎಂದು ಅರ್ಧ ದಾರಿಯಿಂದ ಹತ್ತು ಸಾರಿ ಹಿಂದಕ್ಕೆ ಬರುವವರಿದ್ದಾರೆ. ಸೊಪ್ಪು ಕಡಿಯುವ ಕತ್ತಿಯನ್ನು ಕಂಡರೆ ತನ್ನ ಕೂಸಿಗೇ ಹೊಡೆದುಬಿಡುವೆನೋ ಎಂದು ನಡುಗುವ ಬಾಣಂತಿಯಿದ್ದಾಳೆ. ಅವಳು ಕೊಲೆಗಡುಕಿಯಲ್ಲ, ಆ ಯೋಚನೆಯನ್ನು ಕಂಡು ಎಲ್ಲರಿಗಿಂತ ಹೆಚ್ಚು ಹೇಸುವವಳು ಅವಳೇ. ಇನ್ನು ಕೆಲವರಿಗೆ ಗೀಳಿಲ್ಲ, ಬರೀ ಆತಂಕ: ನಿದ್ರೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಹೃದಯವೇ ನಿಂತಿತೆಂದು ತೋಟದ ಆಸ್ಪತ್ರೆಗೆ ಓಡುತ್ತಾರೆ. ಥೈರಾಯ್ಡ್ ದೋಷವಿದ್ದರೂ, ರಕ್ತ ಕಡಿಮೆಯಿದ್ದರೂ ಹೀಗಾಗುವುದುಂಟು; ಆದಕಾರಣ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಬುದ್ಧಿವಂತಿಕೆ.

ಈಗ ಆ ಸಹೋದರರ ಪ್ರಶ್ನೆಗೆ ಬರೋಣ. ಬೋರ್ಡು ಹಾಕಿದವರೆಲ್ಲರೂ ಒಂದೇ ಅಲ್ಲ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗದಲ್ಲಿ ಮೇಲಿನ ಓದು ಓದಿದವರು. ಮಾತ್ರೆ ಬರೆಯುವ ಅಧಿಕಾರ ಇವರಿಗೆ ಉಂಟು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡುವುದಿಲ್ಲ; ಮಾತು ಮತ್ತು ಅಭ್ಯಾಸದಿಂದ ಚಿಕಿತ್ಸೆ ಮಾಡುತ್ತಾರೆ. ಇವರ ಹೆಸರು 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ದಾಖಲಾಗಿರಬೇಕು. ನಿಮ್ಮ ನೋಂದಣಿ ಸಂಖ್ಯೆ ಏನು ಸ್ವಾಮಿ ಎಂದು ಕೇಳುವುದು ಅವಮರ್ಯಾದೆಯಲ್ಲ. ನಾವು ಅಂಗಡಿಯಲ್ಲಿ ಅಕ್ಕಿಯನ್ನು ಮುಟ್ಟಿ ನೋಡದೆ ಕೊಳ್ಳುತ್ತೇವೆಯೇ? ಕೌನ್ಸಿಲರ್ ಎಂಬ ಹೆಸರನ್ನು ಮಾತ್ರ ತಿಂಗಳೊಂದರ ತರಬೇತಿಯವರೂ ಇಟ್ಟುಕೊಳ್ಳುತ್ತಾರೆ, ವರ್ಷಗಟ್ಟಲೆ ಓದಿದವರೂ ಇಟ್ಟುಕೊಳ್ಳುತ್ತಾರೆ. ದುಃಖದಲ್ಲಿರುವವರಿಗೆ ಇವರಿಂದ ಬಹಳ ಸಹಾಯವಾಗುವುದು ನಿಜ. ಗೀಳಿಗೆ ಬೇರೆ ಕಸುಬೇ ಬೇಕು.

ಆ ಕಸುಬು ಯಾವುದು? ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬವರು 1966ರಲ್ಲಿ ಇಬ್ಬರು ರೋಗಿಗಳ ಚಿಕಿತ್ಸೆಯನ್ನು ಕುರಿತು ಬರೆದರು. ಹೆದರುವ ವಸ್ತುವಿನ ಎದುರು ರೋಗಿಯನ್ನು ನಿಲ್ಲಿಸಿ, ಆಮೇಲೆ ಮಾಡುವ ಕ್ರಿಯೆಯನ್ನು ತಡೆಯುವುದು ಅವರ ದಾರಿ. ಈಗ ಅದನ್ನು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇ.ಆರ್.ಪಿ. ಎನ್ನುತ್ತಾರೆ. ನಮ್ಮ ತೋಟದವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ಹೊಸದಾಗಿ ಎಲೆ ಕೀಳಲು ಬಂದ ಹುಡುಗಿ ಮೊದಲನೆಯ ದಿನ ಕಾಲಿಗೆ ಇಂಬಳ ಹತ್ತಿದರೆ ಕಿರುಚಿ ಬುಟ್ಟಿ ಬಿಸಾಡಿ ಓಡುತ್ತಾಳೆ. ಓಡಿ ಮನೆ ಸೇರಿದವಳಿಗೆ ಭಯ ಎಂದೂ ಹೋಗದು. ಸಾಲಿನಲ್ಲೇ ನಿಂತವಳು ಮೂರನೆಯ ವಾರ ಮಾತಾಡುತ್ತಲೇ ಅದನ್ನು ಬೆರಳಿನಿಂದ ತೆಗೆದು ಎಸೆಯುತ್ತಾಳೆ. ಚಿಕಿತ್ಸೆಯ ಹುರುಳು ಇದೇ. ಸುಲಭವಾದ ಭಯದಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ: ಈ ದಿನ ಬಾಗಿಲ ಚಿಲಕ ಮುಟ್ಟಿ ಸ್ವಲ್ಪ ಹೊತ್ತು ಕೈ ತೊಳೆಯದೆ ಇರುವುದು, ಮುಂದಿನ ವಾರ ಅದೇ ಕೈಯಲ್ಲಿ ತಟ್ಟೆ ಹಿಡಿಯುವುದು. ಕಳವಳ ಏರುತ್ತದೆ, ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ. ಔಷಧಿ ಹೊಡೆದ ದಿನ ಸೋಪು ಹಾಕಿ ಕೈ ತೊಳೆಯುವುದನ್ನು ಯಾವ ಒಳ್ಳೆಯ ಚಿಕಿತ್ಸಕನೂ ಬಿಡಿಸುವುದಿಲ್ಲ. ಬಿಡಿಸುವುದು ಎರಡನೆಯ ಸಾರಿಯಿಂದ ಇಪ್ಪತ್ತನೆಯ ಸಾರಿಯವರೆಗಿನ ತೊಳೆತವನ್ನು.

ಆದಕಾರಣ ಮೊದಲ ಭೇಟಿಯಲ್ಲಿಯೇ ಕೇಳಿರಿ: ಈ ಗೀಳಿನವರಿಗೆ ನೀವು ಚಿಕಿತ್ಸೆ ಮಾಡಿದ್ದೀರಾ? ಯಾವ ರೀತಿಯಲ್ಲಿ ಮಾಡುತ್ತೀರಿ? ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತೀರಾ? ಎಷ್ಟು ಸಾರಿ ಬರಬೇಕು, ಒಂದು ಸಾರಿಗೆ ಎಷ್ಟು ಹಣ? ಹೆಚ್ಚಿನವರು ವಾರಕ್ಕೊಂದರಂತೆ ಹನ್ನೆರಡರಿಂದ ಇಪ್ಪತ್ತು ಭೇಟಿಗಳ ಲೆಕ್ಕ ಹೇಳುತ್ತಾರೆ. ಒಂದೇ ಸಾರಿಗೆ ಬೇರು ಸಮೇತ ಕಿತ್ತುಹಾಕುತ್ತೇನೆ ಎನ್ನುವವರನ್ನೂ, ತಿಂಗಳುಗಟ್ಟಲೆ ಬಾಲ್ಯದ ಕಥೆಯನ್ನೇ ಕೇಳುತ್ತಾ ಗೀಳಿನ ತಂಟೆಗೇ ಹೋಗದವರನ್ನೂ ಬಿಟ್ಟು ಬನ್ನಿರಿ. ಒಬ್ಬರು ಹಿಡಿಸದಿದ್ದರೆ ಇನ್ನೊಬ್ಬರನ್ನು ನೋಡುವುದು ದ್ರೋಹವಲ್ಲ. ಆದರೆ ಚಿಕಿತ್ಸೆ ಕಷ್ಟವಾಗಿದೆ ಎಂಬುದೊಂದೇ ಕಾರಣಕ್ಕೆ ಬಿಡಬೇಡಿರಿ. ಇದು ಕಷ್ಟವಾಗುವ ಚಿಕಿತ್ಸೆಯೇ.

ಭಾಷೆಯ ಮಾತನ್ನು ನಾವು ಒತ್ತಿ ಹೇಳುತ್ತೇವೆ. ಅಂಗಡಿ, ಬಸ್ಸು, ತೂಕದ ಕಟ್ಟೆಗೆ ನೀಲಗಿರಿಯಲ್ಲಿ ತಮಿಳು, ವಯನಾಡಿನಲ್ಲಿ ಮಲಯಾಳ ನಮಗೆ ಸಾಕು. ಮನಸ್ಸಿನ ಕೊಳೆಯೆಂದು ಹೆದರುವ ಯೋಚನೆಗಳನ್ನು ಕಲಿತ ಭಾಷೆಯಲ್ಲಿ ಹೇಳಲಾಗದು. ಹಾಗೆಂದು ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ದುಭಾಷಿಯಾಗಿ ಕೂರಿಸಬೇಡಿರಿ. ಮಗುವಿನ ಎದುರು ಯಾವ ತಾಯಿ ಅಂಥ ಮಾತನ್ನು ಬಾಯಿ ಬಿಟ್ಟಾಳು? ಕನ್ನಡ ಬಲ್ಲವರು ಇದ್ದಾರೆಯೇ ಎಂದು ಮೊದಲೇ ಕೇಳಿರಿ. ಹೆಂಗಸರು ಹೆಂಗಸೇ ಬೇಕೆಂದರೆ ಅದನ್ನೂ ಕೇಳಿರಿ. ಹೇಳಿದ ಮಾತು ಹೊರಗೆ ಹೋಗದಿರುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ರೋಗಿಯ ಹಕ್ಕು. ದೊರೆಗಾಗಲಿ ರೈಟರಿಗಾಗಲಿ ತಿಳಿಯುವುದೆಂಬ ಹೆದರಿಕೆ ಬೇಡ.

ಚಿಕಿತ್ಸಕರು ನಮ್ಮ ಮತದವರೇ ಆಗಿರಬೇಕೇ ಎಂದು ಹಲವರು ಕೇಳುತ್ತಾರೆ. ಬೇಕಾಗಿಲ್ಲ, ವಿಶ್ವಾಸವನ್ನು ಹಾಸ್ಯ ಮಾಡದವರಾದರೆ ಸಾಕು. ಗೀಳು ದೇವಭಕ್ತಿಯ ವೇಷವನ್ನೂ ಹಾಕುತ್ತದೆ. ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿತೆಂದು ಮೊದಲಿನಿಂದ ಹೇಳುವುದು, ಕ್ಷಮೆಯಾಯಿತೆಂದು ಸಭಾಪಾಲಕರು ಹೇಳಿದರೂ ಅದೇ ಪಾಪವನ್ನು ಮರುದಿನ ಮತ್ತೆ ಅರಿಕೆ ಮಾಡುವುದು, ಕರ್ತನ ಮೇಜಿನ ಮುಂದೆ ದೇವದೂಷಣೆಯ ಮಾತು ಮನಸ್ಸಿಗೆ ಬಂದು ಒದ್ದಾಡುವುದು. ‘ಯಾತ್ರಿಕನ ಸಂಚಾರ’ವನ್ನು ಬರೆದ ಜಾನ್ ಬನ್ಯನ್ ಕೂಡ ಈ ಸಂಕಟದಲ್ಲಿ ವರ್ಷಗಳನ್ನು ಕಳೆದವನು. ಕ್ರಿಸ್ತನನ್ನು ಮಾರಿಬಿಡು ಎಂಬ ಯೋಚನೆ ಹಗಲಿರುಳು ಪೀಡಿಸಿದುದನ್ನೂ, ದೇವಾಲಯದ ಗಂಟೆ ತಲೆಯ ಮೇಲೆ ಬೀಳುವುದೆಂದು ಹೆದರಿ ನಿಂತುದನ್ನೂ ಅವನೇ 1666ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಂಥವರಿಗೆ ಅವಿಶ್ವಾಸಿ ಎಂದು ಗದರಿಸುವ ಉಪದೇಶಿಗಳು ಗಾಯದ ಮೇಲೆ ಬರೆ ಎಳೆಯುತ್ತಾರೆ. ನಿನಗೆ ಕ್ಷಮೆಯಾಗಿದೆ ಎಂದು ದಿನಕ್ಕೆ ಹತ್ತು ಸಾರಿ ಹೇಳಿ ಸಮಾಧಾನಪಡಿಸುವುದೂ ಗೀಳಿಗೆ ಸೌದೆ ಹಾಕಿದಂತೆಯೇ. ಮನೆಯವರಿಗೂ ಈ ಮಾತು ಸಲ್ಲುತ್ತದೆ. ಆದ್ದರಿಂದಲೇ ಒಳ್ಳೆಯ ಚಿಕಿತ್ಸಕರು ಗಂಡನನ್ನೋ ಅತ್ತೆಯನ್ನೋ ಒಂದು ದಿನ ಕರೆಸಿ ಮಾತಾಡುತ್ತಾರೆ.

ಮಾತ್ರೆಯ ವಿಷಯ ಚಿಕ್ಕದಾಗಿ. ಫ್ಲುಯೋಕ್ಸೆಟಿನ್, ಸರ್ಟ್ರಾಲಿನ್ ಮುಂತಾದ ಮಾತ್ರೆಗಳು ಗೀಳಿಗೂ ಆತಂಕಕ್ಕೂ ಗುಣ ಕೊಡುತ್ತವೆ. ಗೀಳಿನಲ್ಲಿ ಪೂರ್ಣ ಫಲ ಕಾಣಲು ಹತ್ತು ಹನ್ನೆರಡು ವಾರ ಬೇಕು. ಎರಡನೆಯ ವಾರಕ್ಕೇ ಏನೂ ಆಗಲಿಲ್ಲವೆಂದು ಎಸೆಯಬಾರದು, ಗುಣ ಕಂಡಿತೆಂದು ತಾನಾಗಿ ನಿಲ್ಲಿಸಬಾರದು. ಬಸುರಿಯಾದರೆ ವೈದ್ಯರಿಗೆ ತಿಳಿಸಬೇಕು. ಆಲ್ಪ್ರಜೋಲಮ್‌ನಂಥ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವಾಗಿ ತಂದು ನುಂಗುವುದಂತೂ ಕೂಡದು. ಅದು ಆ ಹೊತ್ತಿಗೆ ಕಳವಳ ಇಳಿಸಿ ಕೊನೆಗೆ ಚಟವಾಗಿ ಹಿಡಿಯುತ್ತದೆ.

ದೂರವೇ ನಮ್ಮವರಿಗೆ ದೊಡ್ಡ ಅಡ್ಡಿ. ಮೈಸೂರಿಗೆ ಹೋದರೆ ಕನ್ನಡದವರು ಸಿಗುತ್ತಾರೆ, ಆದರೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂಡೀಪುರದ ದಾರಿಯಲ್ಲಿ ಕೆಲವೇ ಬಸ್ಸುಗಳಿಗೆ ಅಪ್ಪಣೆ. ಒಂದು ಭೇಟಿಗೆ ಒಂದು ದಿನದ ಕೂಲಿ, ಕೆಲವೊಮ್ಮೆ ಎರಡು ದಿನದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಒಂದು ಸಾರಿ ಅಲ್ಲಿಗೆ ಹೋಗಿ ಕಾಯಿಲೆಯನ್ನು ಗೊತ್ತುಮಾಡಿಸಿಕೊಂಡು, ಮುಂದಿನ ಭೇಟಿಗಳನ್ನು ಫೋನಿನಲ್ಲಿ ಮುಖ ನೋಡಿ ಮಾಡಬಹುದೇ ಎಂದು ಕೇಳಿರಿ. 2020ರ ನಿಯಮಗಳು ವೈದ್ಯರಿಗೆ ಇದಕ್ಕೆ ಅವಕಾಶ ಕೊಟ್ಟಿವೆ. ಗೀಳಿನ ಚಿಕಿತ್ಸೆಗೆ ಇದರಲ್ಲೊಂದು ಲಾಭವೂ ಉಂಟು, ಆ ನಲ್ಲಿಯನ್ನೇ ಅವರಿಗೆ ತೋರಿಸಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿರಿ, ಅಲ್ಲಿ ಹಣವಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಹಗಲಿರುಳು ಉಚಿತ. ಕನ್ನಡದವರು ಬೇಕೆಂದು ಕೇಳಿರಿ. ಮನೆಯಲ್ಲಿ ಯಾರಾದರೂ ಬದುಕು ಸಾಕೆಂದು ಮಾತಾಡಿದರೆ ಒಬ್ಬರನ್ನೇ ಬಿಡಬೇಡಿರಿ, ಔಷಧಿಯ ಡಬ್ಬವನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಸಹೋದರರು ನಮ್ಮ ಪ್ರಶ್ನೆಗಳನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಂಡು ಹೋದರು. ಮೊದಲು ಕಂಡವರು ಇ.ಆರ್.ಪಿ. ಎಂಬ ಹೆಸರನ್ನೇ ಕೇಳಿರಲಿಲ್ಲವಂತೆ. ಎರಡನೆಯವರು ಕಾಗದವನ್ನು ತೆಗೆದುಕೊಂಡು ಓದಿ, ನಕ್ಕು, ಒಂದೊಂದಕ್ಕೂ ಉತ್ತರ ಹೇಳಿದರಂತೆ. ಆಕೆಗೆ ಈಗ ಒಂಬತ್ತನೆಯ ವಾರ. ಕೈ ತೊಳೆಯುವುದು ಪೂರ್ತಿ ನಿಂತಿಲ್ಲ. ಕಳೆದ ತಿಂಗಳು ನಾಲ್ಕೇ ಹಾಜರಿ ತಪ್ಪಿದೆ. ಓಲೆ ಇನ್ನೂ ಅಡವಿನಲ್ಲಿದೆ. ನಲ್ಲಿಯ ಬಳಿ ಜಗಳವಾಡಿದ ನೆರೆಮನೆಯಾಕೆ ಈಗ ಬೆಳಿಗ್ಗೆ ಬಾಗಿಲು ತಟ್ಟಿ, “ಅಕ್ಕಾ, ಹೊತ್ತಾಯಿತು, ಬಾ” ಎಂದು ಕರೆದುಕೊಂಡು ಹೋಗುತ್ತಾಳಂತೆ.