ತೋಳಿನ ಬಿಪಿ ಸಾಲದು, ಕಾಲಿನ ಬಿಪಿಯನ್ನೂ ನೋಡಿರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಿರಿಯರೇ, ತಾಯಂದಿರೇ,

ಹೊಲದ ಬದುವಿನ ಮೇಲೆ ಸ್ವಲ್ಪ ದೂರ ನಡೆದರೆ ಮೀನಖಂಡ ಬಿಗಿದು ನೋಯುತ್ತದೆ. ನಿಂತರೆ ನಾಲ್ಕಾರು ನಿಮಿಷದಲ್ಲಿ ಇಳಿಯುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ವಾತ ಎಂದು ಹೆಸರಿಟ್ಟು ಎಣ್ಣೆ ತಿಕ್ಕುತ್ತೇವೆ. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಈ ನೋವು ಬಂದರೆ, ಕಾಲಿಗೆ ಇಳಿಯುವ ರಕ್ತನಾಳ ಕೊಬ್ಬು ಕಟ್ಟಿ ಕಿರಿದಾಗಿದೆಯೇ ಎಂದು ಮೊದಲು ನೋಡಬೇಕು. ಅಂಥ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿದರೆ ಗಾಯ ಬೇಗ ಮಾಯುವುದಿಲ್ಲ, ಬೆರಳು ಕಪ್ಪಾಗಬಹುದು. ಆಮೇಲೆ ಬೆಳಗಾವಿಗೆ ಓಡುತ್ತೇವೆ. ಬೆರಳು ತೆಗೆಯಬೇಕೋ, ಮೊಳಕಾಲ ಕೆಳಗೇ ತೆಗೆಯಬೇಕೋ ಎಂಬ ಮಾತು ಅಲ್ಲಿ ಶುರುವಾಗುತ್ತದೆ.

ನಾವು ಕೇಳುವುದು ಇಷ್ಟು: ಈ ನಾಲ್ಕೂ ತಾಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ವರ್ಷಕ್ಕೊಮ್ಮೆ ಡಾಪ್ಲರ್‌ನಿಂದ ಕಾಲಿನ ಒತ್ತಡ ಅಳೆಯಬೇಕು.

ಕಾಲು ಮುಟ್ಟಿ ನಾಡಿ ನೋಡಿದರೆ ಸಾಲದೇ ಎಂದು ಕೇಳಬಹುದು. ಪಾದದ ಮೇಲೆ ಒಂದು, ಒಳಗಿನ ಹರಡಿನ ಹಿಂದೆ ಒಂದು ನಾಡಿ ಇದೆ. ಎರಡನ್ನೂ ಮುಟ್ಟಿ ನೋಡಲು ಖರ್ಚಿಲ್ಲ, ನೋಡಲೇಬೇಕು. ಆದರೆ ಪಾದದ ಮೇಲಿನ ನಾಡಿ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಊದಿದ ಕಾಲಿನಲ್ಲಿ ಅನುಭವಿ ವೈದ್ಯರ ಬೆರಳೂ ತಪ್ಪುತ್ತದೆ.

ಕೊರೊನಾ ಕಾಲದಲ್ಲಿ ಊರೂರಿಗೆ ಬಂದ ಆಕ್ಸಿಮೀಟರನ್ನು ಕಾಲ್ಬೆರಳಿಗೆ ಹಾಕಿ ನೋಡುವ ದಾರಿಯೂ ಇದೆ. 2005ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ಮಾಡಿದ ಒಂದು ಅಧ್ಯಯನ ಇದರ ಬಗ್ಗೆ ಭರವಸೆ ಹುಟ್ಟಿಸಿತ್ತು. ಮುಂದಿನ ಅಧ್ಯಯನಗಳೆಲ್ಲ ಅದಕ್ಕೆ ಹೂಂ ಎನ್ನಲಿಲ್ಲ. ನವಿಲುತೀರ್ಥದ ಕಾಲುವೆ ಕಂಡ ರೈತರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ನೀರು ಸಿಹಿ ಇದೆಯೇ ಎಂಬುದು ಒಂದು ಪ್ರಶ್ನೆ, ಕೊನೆಯ ಹೊಲಕ್ಕೆ ಎಷ್ಟು ಮುಟ್ಟಿತು ಎಂಬುದು ಇನ್ನೊಂದು. ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಉತ್ತರಿಸುವುದು ಮೊದಲನೆಯದಕ್ಕೆ.

ಉಚಿತ ಶಿಬಿರಗಳಲ್ಲಿ ಅಂಗಾಲಿಗೆ ನಡುಗುವ ಕಡ್ಡಿ ಒತ್ತಿ ಚೀಟಿ ಕೊಡುತ್ತಾರಲ್ಲ, ಅದು ನೋಡುವುದು ನರದ ಸ್ಪರ್ಶ. ಬೇಕಾದ ಪರೀಕ್ಷೆಯೇ, ಆದರೆ ರಕ್ತದ ಹರಿವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಆ ಚೀಟಿ ನಂಬಿ ಕಾಲು ಚೆನ್ನಾಗಿದೆ ಎಂದುಕೊಳ್ಳಬೇಡಿರಿ.

ಡಾಪ್ಲರ್ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಬಸುರಿಯ ಹೊಟ್ಟೆಯ ಮೇಲಿಟ್ಟರೆ ಕೂಸಿನ ಎದೆಬಡಿತ ಕೇಳಿಸುವ ಯಂತ್ರ ಅದು. ಕಾಲಿಗೆ ಬೇರೆ ತುದಿ ಬೇಕು, 8 ಮೆಗಾಹರ್ಟ್ಸ್‌ನದು. ಹತ್ತು ನಿಮಿಷ ಮಲಗಿಸಿ, ಹರಡಿನ ಮೇಲೆ ಬಿಪಿ ಪಟ್ಟಿ ಸುತ್ತಿ, ಜೆಲ್ ಹಚ್ಚಿ, ಸದ್ದು ನಿಲ್ಲುವವರೆಗೆ ಗಾಳಿ ತುಂಬಿ ಮೆಲ್ಲಗೆ ಬಿಡುತ್ತಾರೆ. ಸದ್ದು ಮರಳಿದಾಗಿನ ಅಂಕಿ ಬರೆದುಕೊಂಡು, ತೋಳಿನ ಅಂಕಿಯಿಂದ ಭಾಗಿಸುತ್ತಾರೆ. ತೋಳಿನಲ್ಲಿ 140, ಕಾಲಿನಲ್ಲಿ 98 ಬಂದರೆ 0.70. ಒಂದರಿಂದ 1.40ರವರೆಗೆ ಸರಿ, 0.90 ಅಥವಾ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಎಂದು ಲೆಕ್ಕ. ಕಲಿತ ನರ್ಸ್ ಇದನ್ನು ಮಾಡಬಲ್ಲರು.

ಇದಕ್ಕೂ ಒಂದು ಕುಂದಿದೆ, ಮುಚ್ಚಿಡುವುದಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಡಸಾಗುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಅಮುಕುವುದಿಲ್ಲ, ಅಂಕಿ 1.40 ದಾಟುತ್ತದೆ, ಇಲ್ಲವೇ ಒಳಗೆ ರೋಗವಿದ್ದೂ ಸರಿ ಎಂದೇ ತೋರುತ್ತದೆ. ಅಂಥವರಿಗೆ ಹೆಬ್ಬೆರಳಿಗೆ ಸಣ್ಣ ಪಟ್ಟಿ ಹಾಕಿ ಒತ್ತಡ ಅಳೆಯಬೇಕು, ಅದನ್ನು ತೋಳಿನ ಅಂಕಿಯಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ತೊಂದರೆ. ಆ ಸಲಕರಣೆ ತಾಲೂಕು ಆಸ್ಪತ್ರೆಯಲ್ಲಾದರೂ ಇರಲಿ.

ಬೀಡಿ ಸೇದುವವರಿಗೆ ವಯಸ್ಸಿನ ಮಿತಿ ಹಾಕಬೇಡಿರಿ ಎಂದೂ ಕೇಳುತ್ತೇವೆ. 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಕಾಯಿಲೆ ತಂಬಾಕು ಸೇದುವ ಎಳೆಯ ಗಂಡಸರ ಕೈಕಾಲಿನ ಸಣ್ಣ ರಕ್ತನಾಳಗಳನ್ನೇ ಮುಚ್ಚುತ್ತದೆ. ನಿಪ್ಪಾಣಿಯ ತಂಬಾಕು ನಮ್ಮ ಜಿಲ್ಲೆಯದೇ ಬೆಳೆ. ಈ ಮಾತನ್ನು ನಾವೇ ಆಡದಿದ್ದರೆ ಯಾರು ಆಡಬೇಕು?

ಎಲ್ಲರಿಗೂ ಈ ಪರೀಕ್ಷೆ ಬೇಕೆಂದು ನಾವು ಹೇಳುತ್ತಿಲ್ಲ. ಲಕ್ಷಣವಿಲ್ಲದ ಎಲ್ಲರನ್ನೂ ಅಳೆಯುವುದರಿಂದ ಲಾಭವಿದೆ ಎನ್ನಲು ಪುರಾವೆ ಸಾಲದೆಂದು ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿದೆ. ಅದಕ್ಕೇ ಅಪಾಯ ಹೆಚ್ಚಿರುವವರಿಗೆ ಮಾತ್ರ ಕೇಳುತ್ತಿದ್ದೇವೆ. ಬೇಗ ಗೊತ್ತಾದರೆ ತಂಬಾಕು ಬಿಡಿಸಬಹುದು, ಮಾತ್ರೆ ಶುರುಮಾಡಬಹುದು, ದಿನಾ ನಡೆಸಿ ನೋವಿಲ್ಲದೆ ನಡೆಯುವ ದೂರ ಹೆಚ್ಚಿಸಬಹುದು. ಕಾಲಿನ ನಾಳ ಕಟ್ಟಿದವರಿಗೆ ಹೃದಯಾಘಾತದ, ಲಕ್ವದ ಅಪಾಯವೂ ಹೆಚ್ಚು. ಆ ಎಚ್ಚರವೂ ಇದೇ ಪರೀಕ್ಷೆಯಿಂದ ಸಿಗುತ್ತದೆ.

ಬನದ ಹುಣ್ಣಿವೆಗೆ, ಭಾರತ ಹುಣ್ಣಿವೆಗೆ ಯಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ನಡೆಯುವ ಸಕ್ಕರೆ ಕಾಯಿಲೆಯವರು ಹೊರಡುವ ಮೊದಲೇ ಕಾಲು ತೋರಿಸಿಕೊಳ್ಳಲಿ. ತಾಯಿಯ ಹರಕೆಯನ್ನು ಚಪ್ಪಲಿ ಹಾಕಿ ನಡೆದೂ ತೀರಿಸಬಹುದು.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ, ಠರಾವು ಬರೆಸಿರಿ. ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೆ ಈ ಹಾಳೆ ಕೊಡಿರಿ. ಓದಲು ಬಾರದ ಅಜ್ಜ, ಆಯಿಗೆ ಓದಿ ಹೇಳಿರಿ. ಹೇಳುವಾಗಲೇ ಅವರ ಕಾಲು ಮುಟ್ಟಿ ನೋಡಿರಿ. ಒಂದು ಕಾಲು ಇನ್ನೊಂದಕ್ಕಿಂತ ತಣ್ಣಗಿದ್ದರೆ, ರಾತ್ರಿ ನೋವಿಗೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಮಲಗುತ್ತಿದ್ದರೆ, ಮಾಯದ ಹುಣ್ಣಿದ್ದರೆ ವರ್ಷದ ತಪಾಸಣೆಗೆ ಕಾಯಬೇಡಿರಿ, ಅಂದೇ ದವಾಖಾನೆಗೆ ಕರೆದೊಯ್ಯಿರಿ.