ಸಸ್ಯವಿಚಾರ: ಸರಲವೃಕ್ಷದ ವ್ರಣ

ಮನುಷ್ಯರ ದೇಹದಲ್ಲಿ ಹುಣ್ಣಾಗುವಂತೆ ಮರಗಳಿಗೂ ಆಗುವುದುಂಟು. ಅಮರಕೋಶದಲ್ಲಿ ಸರಲವೆಂದು ಹೆಸರಾದ ವೃಕ್ಷದ ಕುಲಕ್ಕೆ, ಎಂದರೆ ಈಗ ಪೈನ್ ಎಂದು ಕರೆಯುವ ಸೂಜಿಯೆಲೆಯ ಮರಗಳಿಗೆ, ತಗಲುವ ಅಂಥದೊಂದು ವ್ರಣರೋಗವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ದೂರದ ಕಾಡಿನ ವಿಚಾರವು ಗೃಹಸ್ಥರಿಗೇಕೆಂದು ಕೇಳಬಹುದು. ಸಾಮಾನು ತುಂಬುವ ಪೆಟ್ಟಿಗೆಗಳಿಗಾಗಿ ನ್ಯೂಜಿಲೆಂಡಿನಿಂದ ನಮ್ಮ ದೇಶಕ್ಕೂ ಈ ಕುಲದ ಮರವು ಬಂದಿರುವುದಷ್ಟೆ.

ಫ್ಯುಸೇರಿಯಂ ಸರ್ಸಿನೇಟಮ್ ಎಂಬ ಶಿಲೀಂಧ್ರವೇ ಈ ರೋಗಕ್ಕೆ ಕಾರಣ. ಕೀಟವು ಕೊರೆದ ರಂಧ್ರವೋ ಕೊಂಬೆ ಮುರಿದ ಗಾಯವೋ ಅದಕ್ಕೆ ಬಾಗಿಲಾಗುವುದು. ಅದು ಹೊಕ್ಕೆಡೆಯಲ್ಲಿ ತೊಗಟೆಯಡಿಯ ಜೀವಪದರವು ಸಾಯುವುದು; ಮರವು ಆತ್ಮರಕ್ಷಣಾರ್ಥವಾಗಿ ರಾಳವನ್ನು ಸುರಿಸುವುದು. ವ್ರಣವು ಕೊಂಬೆಯನ್ನು ಸುತ್ತುವರಿದರೆ ಅದರಾಚೆಗೆ ನೀರು ಏರದೆ ಎಲೆಗಳು ಹಳದಿಯಾಗಿ, ಕೆಂಪಾಗಿ ಉದುರುವುವು. ಬೀಜದೊಡನೆಯೂ ರೋಗವು ಸಾಗಬಲ್ಲುದು. ಬೆಳೆದ ಕಾಡಿಗೆ ಹೊಡೆದು ಗುಣಪಡಿಸುವ ಮದ್ದಿಲ್ಲ.

ಇದನ್ನು ಮೊದಲು ವರ್ಣಿಸಿದುದು 1946ರಲ್ಲಿ, ಅಮೆರಿಕದ ಆಗ್ನೇಯ ಪ್ರಾಂತದಲ್ಲಿ. 1986ರಲ್ಲಿ ಇದು ಕ್ಯಾಲಿಫೋರ್ನಿಯದಲ್ಲಿ ಕಂಡಿತು. 1990ರಲ್ಲಿ ದಕ್ಷಿಣ ಆಫ್ರಿಕದ ಸಸಿಮಡಿಗಳಲ್ಲಿ. ಅನಂತರ ಚಿಲಿ, ಸ್ಪೇನ್ ದೇಶಗಳಲ್ಲಿ.

ಕ್ಯಾಲಿಫೋರ್ನಿಯದ ಸುದ್ದಿಗೆ ಲೋಕವೇ ಬೆಚ್ಚಲು ಕಾರಣವಿತ್ತು. ಅಲ್ಲಿನ ಕಡಲತೀರದ ಮೂರು ನೆಲೆಗಳೂ ಮೆಕ್ಸಿಕೊದ ಎರಡು ದ್ವೀಪಗಳೂ ರೇಡಿಯಾಟ ಪೈನ್ ಮರದ ತವರು. ತವರಿನಲ್ಲಿ ಅದು ಉಳಿದಿರುವುದು ಕೆಲವೇ ಸಾವಿರ ಹೆಕ್ಟೇರುಗಳಲ್ಲಿ. ಪರದೇಶಗಳಲ್ಲಿಯಾದರೋ ಸುಮಾರು 40 ಲಕ್ಷ ಹೆಕ್ಟೇರುಗಳಲ್ಲಿ ಅದನ್ನು ನೆಟ್ಟಿದ್ದಾರೆ. ನ್ಯೂಜಿಲೆಂಡಿನಲ್ಲಿ ನೆಟ್ಟ ಕಾಡಿನ ಹತ್ತರಲ್ಲಿ ಒಂಬತ್ತು ಪಾಲು ಇದೊಂದೇ ಮರ. ಬೇಗ ಬೆಳೆಯುವುದೆಂಬ ಗುಣವನ್ನು ನೆಚ್ಚಿ ಒಂದೇ ಜಾತಿಯನ್ನು ಸಾಲುಸಾಲಾಗಿ ನೆಟ್ಟಲ್ಲಿ, ಒಂದು ಮರಕ್ಕೆ ಬಂದ ವಿಪತ್ತು ನೆರೆಯ ಮರಕ್ಕೂ ಸುಲಭವಾಗಿ ದಾಟುವುದು.

ಇದಕ್ಕೆ ಪರಿಹಾರವು ದೊರೆತುದೂ ತವರಿನಲ್ಲಿಯೇ. ಅಲ್ಲಿನ ಮರಗಳೆಲ್ಲವೂ ಬಹುಪಾಲು ಸಾಯುವುವೆಂದು ಮೊದಲು ಭಯಪಟ್ಟಿದ್ದರು. ಆದರೆ ಕೆಲವು ಮರಗಳಿಗೆ ರೋಗವು ಅಷ್ಟಾಗಿ ತಾಗಲಿಲ್ಲ. ರೋಗ ತಗಲಿದ ಕೆಲವು ಚೇತರಿಸಿಕೊಂಡುವು. ತಾನಾಗಿ ಬೆಳೆದ ಕಾಡಿನಲ್ಲಿ ಒಂದು ಮರದಂತೆ ಇನ್ನೊಂದಿರುವುದಿಲ್ಲವಾದುದರಿಂದ ಇಂಥ ಸಹನಶಕ್ತಿಯು ಅಲ್ಲಲ್ಲಿ ಅಡಗಿರುತ್ತದೆ. ರೋಗವು ಕಾಣುವುದಕ್ಕೆ ಎಂಟು ವರ್ಷ ಮುಂಚೆ, 1978ರಲ್ಲಿ, ಐದೂ ನೆಲೆಗಳಿಂದ ಬೀಜಗಳನ್ನು ಆಯ್ದು ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಒಯ್ದಿದ್ದರು. ಅಂದಿನ ಆ ಸಂಗ್ರಹದ ಬೆಲೆ ಈಗ ಇಮ್ಮಡಿಸಿದೆ. ತವರಿನ ಕಾಡನ್ನು ಮಾತ್ರ ಮನೆ, ರಸ್ತೆ, ಗಾಲ್ಫ್ ಮೈದಾನಗಳು ಬಹುವಾಗಿ ನುಂಗಿವೆ.

ಗೃಹಸ್ಥರು ಇದರಿಂದ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ರೋಗ ಕಂಡ ತೋಟದ ಬೀಜ, ಸಸಿ, ಹಸಿಸೌದೆಗಳನ್ನು ಬೇರೆಡೆಗೆ ಸಾಗಿಸಬಾರದು. ಹೊಸ ತಳಿಯು ಎಷ್ಟೇ ಫಲವತ್ತಾಗಿದ್ದರೂ, ಹಿತ್ತಿಲಿನ ಹಳೆಯ ನಾಟಿ ಮರವೊಂದನ್ನಾದರೂ ಬೀಜಕ್ಕೆಂದು ಉಳಿಸಿಕೊಳ್ಳಬೇಕು. ಮುಂದೊಂದು ದಿನ ಮಕ್ಕಳು ಅದನ್ನೇ ಹುಡುಕಿಕೊಂಡು ಬರಬೇಕಾದೀತು.